ಸೊಟ್ಟ ಬೀಮುಗಳ ಜೀರ್ಣೋದ್ಧಾರ

ಊಟದಲ್ಲಿ ಕೂದಲು ಸಿಕ್ಕರೆ ಕೆಲವರ ಹಸಿವು ಹಾರಿಹೋಗುತ್ತದೆ. ನನಗೆ ಸೊಟ್ಟ ಗೆರೆ ಕಂಡರೆ ಹಾಗಾಗುತ್ತದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಹಾಗೆಂದು ಸಂಕೋಚವೂ ಇಲ್ಲ. ಪುಣೆಯ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಡ್ರಾಫ್ಟ್ಸ್‌ಮನ್ ಆಗಿ ಗೆರೆ ಎಳೆದವನು ನಾನು. ನಿವೃತ್ತನಾದ ಮೇಲೆ ಎಳೆಯಲು ಗೆರೆ ಉಳಿಯಲಿಲ್ಲ, ಹುಳುಕು ಹುಡುಕುವ ಕಣ್ಣು ಮಾತ್ರ ಉಳಿಯಿತು. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಅಂಚಿನ ಗೆರೆ ನೋಡುತ್ತೇನೆ. ಅದು ನೆಟ್ಟಗಿಲ್ಲದಿದ್ದರೆ ಆ ಸಂಸಾರದ ಬಗ್ಗೆ ನನಗೆ ಭರವಸೆ ಹುಟ್ಟುವುದಿಲ್ಲ. ಒಮ್ಮೆ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಂದಾಪುರದ ಬಸ್ಸಿನ ಬೋರ್ಡು ಒಂದು ಬದಿಗೆ ವಾಲಿದ್ದನ್ನು ಕಂಡು ಕಂಡಕ್ಟರನಿಗೆ ಹೇಳಿದೆ. ಅವನು, "ಕಾಕಾ, ಬಸ್ ತರ ಸರಳ ಜಾತೇ ನಾ?" ಎಂದು ಮರಾಠಿಯಲ್ಲೇ ಕೇಳಿ ಸೀಟಿ ಊದಿದ. ಬಸ್ಸು ನೆಟ್ಟಗೆ ಹೋಗುತ್ತದಲ್ಲ, ನಿಮಗೇನು ಕಷ್ಟ ಎಂದು ಅರ್ಥ. ಇಂಥವರ ನಡುವೆ ಬಾಳುವೆ ಮಾಡಬೇಕಾಗಿದೆ.

ನನ್ನ ಹೆಂಡತಿ ಸುನಂದಾ ಐವತ್ತಾರನೆಯ ವಯಸ್ಸಿನಲ್ಲಿ ಪಿಟೀಲು ಹಿಡಿದಳು. ಮಗರಪಟ್ಟಾದಲ್ಲಿ ಪ್ರತಿ ಭಾನುವಾರ ಹತ್ತು ಹನ್ನೆರಡು ಜನ ಸೇರಿ ಪಾಶ್ಚಾತ್ಯ ಪದ್ಧತಿಯಲ್ಲಿ ಸ್ವರ ಬರೆದ ಕಾಗದ ನೋಡಿಕೊಂಡು ಬಾರಿಸುತ್ತಾರೆ. ಅವರಿಗೆ ಗುರು ಪ್ರಣವ. ಮೈಸೂರಿನ ಕಡೆಯವನು, ವಾರದಲ್ಲಿ ಐದು ದಿನ ಕಂಪ್ಯೂಟರ್ ಆಫೀಸು, ಭಾನುವಾರ ಸಂಗೀತ. ಇಲ್ಲಿಯ ಕನ್ನಡ ಕುಟುಂಬಗಳ ವಾರ್ಷಿಕ ಕೂಟದಲ್ಲಿ ಇವರ ಕಾರ್ಯಕ್ರಮವೆಂದು ಗೊತ್ತಾಯಿತು. ಅದರ ನಡುವೆ ಅರ್ಧ ನಿಮಿಷ ಉಳಿದವರೆಲ್ಲ ಸುಮ್ಮನಾಗಿ, ಸುನಂದಾ ಮತ್ತು ಒಬ್ಬ ಹಲ್ಲಿನ ಡಾಕ್ಟರು ಮಾತ್ರ ಬಾರಿಸಬೇಕು. ಸುದ್ದಿ ಕೇಳಿ ಹುಬ್ಬಳ್ಳಿಯಿಂದ ಅವಳ ಅಕ್ಕ ಫೋನಿನಲ್ಲೇ ನಕ್ಕರು. "ಈ ವಯಸ್ಸಿನ್ಯಾಗ ಪಿಟೀಲೇನ? ಮೊದಲ ಮೊಣಕಾಲಿಗೆ ಎಣ್ಣಿ ತಿಕ್ಕೋ," ಎಂದರು. ಸಾಲದ್ದಕ್ಕೆ, ನೋಡಲು ಬರುತ್ತೇನೆಂದೂ ಹೇಳಿದರು. ಆ ದಿನದಿಂದ ಸುನಂದಾಳಿಗೆ ಒಂದೇ ಚಿಂತೆ, ಅಕ್ಕನ ಎದುರಿಗೆ ಆ ಅರ್ಧ ನಿಮಿಷ ತಪ್ಪಬಾರದು. ಈ ಅಕ್ಕ ಸಾಮಾನ್ಯರಲ್ಲ. ಅವರ ಮನೆಯ ನಕ್ಷೆ ಬರೆದುಕೊಟ್ಟವನು ನಾನು. ಇಪ್ಪತ್ತು ವರ್ಷಗಳಿಂದ ಅವರಿಗೆ ನನ್ನ ಮೇಲೆ ಏನಾದರೂ ಗೌರವವಿದ್ದರೆ ಅದು ಆ ನಕ್ಷೆಯ ಗೆರೆಗಳ ಮೇಲೆ ನಿಂತಿದೆ.

ಸುನಂದಾ ಅಭ್ಯಾಸ ಮಾಡುವಾಗ ನಾನು ಬೇಡವೆಂದರೂ ಆ ಕಾಗದ ನನ್ನ ಕಣ್ಣಿಗೆ ಬಿತ್ತು. ಐದು ಅಡ್ಡಗೆರೆಗಳು, ಅವುಗಳ ಮೇಲೆ ಹುರುಳಿಕಾಳಿನಂಥ ಸ್ವರಗಳು, ಒಂದೊಂದು ಸ್ವರಕ್ಕೂ ಒಂದು ಕಡ್ಡಿ. ವೇಗದ ಸ್ವರಗಳು ಬಂದಾಗ ಆ ಕಡ್ಡಿಗಳ ತುದಿಗಳನ್ನು ಒಂದು ದಪ್ಪ ಪಟ್ಟಿಯಿಂದ ಜೋಡಿಸುತ್ತಾರೆ. ಅದಕ್ಕೆ ಬೀಮ್ ಎನ್ನುತ್ತಾರಂತೆ. ಆ ಬೀಮುಗಳನ್ನು ನೋಡಿ ನನ್ನ ಹಸಿವು ಹಾರಿಹೋಯಿತು. ಸ್ವರ ಒಂದು ಮೆಟ್ಟಿಲು ಏರಿದರೆ ಬೀಮು ಸಿಂಹಗಡದ ಕೋಟೆ ಹತ್ತಲು ಹೊರಟಿತ್ತು. ಒಂದು ಕಡೆ ಕಡ್ಡಿ ಗಿಡ್ಡ, ಪಕ್ಕದ್ದು ಉದ್ದ. ಬೀಮಿಗೂ ಕೆಳಗಿನ ಗೆರೆಗೂ ನಡುವೆ ಕೂದಲೆಳೆಯಷ್ಟು ಬಿಳಿ ಸಂದು, ಝೆರಾಕ್ಸಿನಲ್ಲಿ ಅದು ತುಂಬಿಕೊಂಡು ಕಪ್ಪು ಕಲೆಯಾಗಿತ್ತು. ಪ್ರಣವನಿಗೆ ತೋರಿಸಿದೆ. ಅವನು, "ಅಂಕಲ್, ಅದು ಡೀಫಾಲ್ಟ್, ಸಾಫ್ಟ್‌ವೇರ್ ತಾನಾಗೇ ಹಾಕೋದು. ಯಾರೂ ನೋಡಲ್ಲ ಬಿಡಿ," ಎಂದ. ನಮ್ಮ ಕಾಲದಲ್ಲಿ ಗೆರೆ ಸೊಟ್ಟಾದರೆ ಎಳೆದವನು ತಲೆ ತಗ್ಗಿಸುತ್ತಿದ್ದ. ಈಗ ಡೀಫಾಲ್ಟ್ ಎಂದುಬಿಟ್ಟರೆ ಸಾಕು, ತಪ್ಪಿಗೆ ಅಪ್ಪನೂ ಇಲ್ಲ ಅವ್ವನೂ ಇಲ್ಲ. ಪುಕ್ಕಟೆ ಹುಟ್ಟಿದ ತಪ್ಪನ್ನು ಪುಕ್ಕಟೆ ಮುದ್ರಿಸಿ ಹಂಚುತ್ತಾರೆ.

ಪ್ರಣವನಿಂದ ಆ ಫೈಲು ತರಿಸಿಕೊಂಡು, ಅದೇ ತಂತ್ರಾಂಶವನ್ನು ನನ್ನ ಕಂಪ್ಯೂಟರಿಗೂ ಹಾಕಿಸಿಕೊಂಡು ಕೂತೆ. ಹದಿನೇಳು ದಿನ ಕೂತೆ. ಎರಡೇ ಪುಟ, ಆದರೆ ಬೀಮುಗಳು ಎರಡು ನೂರಕ್ಕೂ ಮಿಕ್ಕಿದ್ದವು. ಸ್ವರಗಳು ಏರಿದರೆ ಬೀಮೂ ಏರಬೇಕು, ಆದರೆ ಹೊಟ್ಟೆ ತುಂಬಿದವನು ಏರಿದ ಹಾಗೆ ನಿಧಾನವಾಗಿ. ಅದರ ತುದಿ ಗೆರೆಯ ಮೇಲೆ ಕೂತಿರಬೇಕು, ಇಲ್ಲವೇ ಗೆರೆಯಿಂದ ಜೋತುಬಿದ್ದಿರಬೇಕು. ನಡುವೆ ಬಿಳಿ ಸಂದು ಬಿಡಕೂಡದು. ಒಂದೊಂದನ್ನೂ ಮೌಸ್ ಎಂಬ ಇಲಿಯಿಂದ ಹಿಡಿದು ಎಳೆದು ಕೂರಿಸಿದೆ. ಒಳ್ಳೆಯ ಕಾಗದದ ಮೇಲೆ ಮುದ್ರಿಸಿ ಸುನಂದಾಳಿಗೊಂದು, ಡಾಕ್ಟರಿಗೊಂದು ಪ್ರತಿ ಕೊಟ್ಟೆ. ಇಬ್ಬರ ಹಳೆಯ ಪುಟಗಳನ್ನೂ ಕೇಳಿ ಪಡೆದು ಹಳೆಯ ಪೇಪರುಗಳ ಜೊತೆ ರದ್ದಿಯವನಿಗೆ ಹಾಕಿದೆ. ಪ್ರಣವನಿಗೂ ಹೊಸ ಫೈಲು ಕಳಿಸಿದೆ. ಅವನು "ಸೂಪರ್ ಅಂಕಲ್" ಎಂದು, ಹಳೆಯದನ್ನು ಅಳಿಸಿ ನನ್ನದನ್ನೇ ಇಟ್ಟುಕೊಂಡ. ಅವನು ಮಾಡಿದ ಒಂದೇ ಒಂದು ಅಚ್ಚುಕಟ್ಟಾದ ಕೆಲಸ ಅದು.

ಕಾರ್ಯಕ್ರಮಕ್ಕೆ ಒಂದು ವಾರವಿರುವಾಗ ತಾಲೀಮು ಕೇಳಲು ನಾನೂ ಹೋದೆ. ಸಂಗೀತ ಕೇಳಲು ಅಲ್ಲ, ಹೊಗಳಿಕೆ ಕೇಳಲು. ಎಲ್ಲರೂ ಸುಮ್ಮನಾದರು, ಅರ್ಧ ನಿಮಿಷದ ತುಣುಕು ಬಂತು. ಸುನಂದಾ ಎರಡು ಸಾಲು ಬಾರಿಸಿ ನಿಂತಳು. ಕಮಾನು ಗಾಳಿಯಲ್ಲಿ, ಕಣ್ಣು ಕಾಗದದಲ್ಲಿ. ಡಾಕ್ಟರು ಒಬ್ಬರೇ ಸ್ವಲ್ಪ ದೂರ ಹೋಗಿ, ಯಾವುದೋ ಬೇರೆ ಸಾಲಿನಲ್ಲಿ ಎದ್ದರು. ಮತ್ತೆ ಮೊದಲಿನಿಂದ ಶುರು ಮಾಡಿದರು, ಮತ್ತೆ ಅಲ್ಲೇ ನಿಂತರು. ಮೂರು ಸಲ ಹೀಗಾಯಿತು. ಬಸ್ಸಿನಲ್ಲಿ ಅವಳು ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಸಮಾಧಾನ ಮಾಡುವುದನ್ನು ಬಿಟ್ಟು ನಾನು, "ಕುಣಿಯಲಾರದವಳು ನೆಲ ಡೊಂಕು ಅಂದಳಂತ. ಈಗ ನೆಲಾನೂ ಡೊಂಕಿಲ್ಲಲ್ಲ?" ಎಂದೆ.

"ನೆಲ ಡೊಂಕಿದ್ದಾಗ ಛಂದ ಕುಣಿತಿದ್ದೆರೀ," ಎಂದಳು ಸುನಂದಾ. "ನೀವು ಸಪಾಟ ಮಾಡಿ ಕೆಡಿಸಿದ್ರಿ. ಎರಡನೇ ಸಾಲಿನ್ಯಾಗ ಒಂದು ಬೀಮು ಜಾರುಬಂಡಿ ಹಂಗ ಇತ್ತು, ಅದು ಬಂತಂದ್ರ ಕಮಾನು ತಿರುಗಸ್ತಿದ್ದೆ. ಆಮ್ಯಾಲೆ ಮುರುಕ ಏಣಿ. ಅದರ ಬಾಜೂಕ ಕರೀ ಕಲೆ, ಅಲ್ಲಿ ಬೆರಳು ಮ್ಯಾಲೆ ಸರಸೂದು. ಈಗ ಎಲ್ಲಾ ಒಂದಽ ನಮೂನಿ ಕಾಣಸ್ತಾವ. ನಾ ಎಲ್ಲಿದ್ದೀನಿ ಅಂತಽ ತಿಳೀವಲ್ದು. ಅಕ್ಕನ ಮುಂದ ಹಿಂಗ ನಿಂತ್ರ ಮತ್ತ ಪಿಟೀಲು ಮುಟ್ಟೂದಿಲ್ಲ ನೋಡ್ರಿ." ಅವಳ ಕಣ್ಣು ತುಂಬಿತ್ತು. ಡಾಕ್ಟರ ಗುರುತುಗಳೂ ಅವೇ ಆಗಿದ್ದವೆಂದು ಆಮೇಲೆ ತಿಳಿಯಿತು. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿಟ್ಟಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ರದ್ದಿ ಅಂಗಡಿಗೆ ಓಡಿದೆ. ನಮ್ಮ ಗಂಟು ಆಗಲೇ ಲಾರಿ ಹತ್ತಿ ಹೋಗಿತ್ತು. ಪ್ರಣವನಿಗೆ ಫೋನು ಮಾಡಿದೆ. "ಅದಕ್ಕೇನಂತೆ ಅಂಕಲ್, ಎಲ್ಲ ರಿಸೆಟ್ ಮಾಡಿ, ಡೀಫಾಲ್ಟ್ ವಾಪಸ್ ಬರುತ್ತೆ," ಎಂದ. ಮಾಡಿದೆ. ಬಂತು, ಸೊಟ್ಟಗೇ ಬಂತು. ಸುನಂದಾ ನೋಡಿ, "ಇದು ಬ್ಯಾರೆ ಸೊಟ್ಟರೀ," ಎಂದಳು. ನಾನು ಹಾಕಿಸಿಕೊಂಡದ್ದು ಹೊಸ ಆವೃತ್ತಿಯಂತೆ, ಪ್ರಣವನೂ ಅಷ್ಟರಲ್ಲಿ ಹಳೆಯದನ್ನು ತೆಗೆದು ಅದನ್ನೇ ಹಾಕಿಕೊಂಡಿದ್ದ. ಒಂದು ತಪ್ಪನ್ನು ಕೂಡ ನೆಟ್ಟಗೆ ಎರಡು ಸಲ ಮಾಡಲು ಬಾರದ ಯಂತ್ರವಿದು.

ಉಳಿದದ್ದು ಒಂದೇ ದಾರಿ. ಹಳೆಯ ಸೊಟ್ಟುಗಳನ್ನು ನೆನಪಿನಿಂದ ಮತ್ತೆ ಸೊಟ್ಟ ಮಾಡಬೇಕು. ಆಗದ ಮಾತೆಂದುಕೊಂಡೇ ಕೂತೆ. ಆದರೆ ಒಂದೊಂದೂ ನೆನಪಿಗೆ ಬಂತು. ಯಾವ ಸಾಲಿನ ಯಾವ ಬೀಮು ಎಷ್ಟು ವಾಲಿತ್ತು, ಯಾವ ಕಡ್ಡಿ ಗಿಡ್ಡಾಗಿತ್ತು, ಕಲೆ ಎಲ್ಲಿತ್ತು, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಹದಿನೇಳು ದಿನ ಕೂತು ನಾನು ತಿದ್ದಿದ ಬೀಮುಗಳಲ್ಲಿ ಮಾತ್ರ ಒಂದೂ ನೆನಪಿರಲಿಲ್ಲ. ನಾಲ್ಕು ದಿನದಲ್ಲಿ ಮುಗಿಸಿದೆ. ಸುನಂದಾ ಪಕ್ಕದಲ್ಲಿ ನಿಂತು ಪರೀಕ್ಷೆ ಮಾಡಿದಳು. "ಈ ಏಣಿ ಇನ್ನೂ ಸ್ವಲ್ಪ ಸೊಟ್ಟ ಆಗ್ಬೇಕ್ರಿ," ಎಂದಳು. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ನನ್ನ ಗೆರೆಗೆ ಇಂಥ ದೂರು ಬಂದಿರಲಿಲ್ಲ. ಸ್ವಲ್ಪ ಸೊಟ್ಟ ಮಾಡಿದೆ.

ಕಾರ್ಯಕ್ರಮದ ದಿನ ಅಕ್ಕ ಮೊದಲ ಸಾಲಿನಲ್ಲೇ ಕೂತರು. ಎಲ್ಲರೂ ಸುಮ್ಮನಾದರು. ಸುನಂದಾ ಜಾರುಬಂಡಿ ಇಳಿದಳು, ಮುರುಕ ಏಣಿ ಹತ್ತಿದಳು, ಕರೀ ಕಲೆ ದಾಟಿದಳು, ಡಾಕ್ಟರ ಜೊತೆ ಸರಿಯಾಗಿ ದಡ ಸೇರಿದಳು. ಮುಗಿದ ಮೇಲೆ ಅಕ್ಕ ವೇದಿಕೆಯ ಹತ್ತಿರ ಬಂದು ತಂಗಿಯ ಬೆನ್ನು ಸವರಿ, "ಭಾಳ ಛಂದ ಬಾರಿಸಿದಿ," ಎಂದರು. ಆಮೇಲೆ ಸ್ಟ್ಯಾಂಡಿನ ಮೇಲಿದ್ದ ಕಾಗದ ಎತ್ತಿ, ಕನ್ನಡಕ ಏರಿಸಿ, ನಾನು ಇಂದಾಪುರದ ಬಸ್ಸನ್ನು ನೋಡಿದ ಹಾಗೆ ಅದನ್ನು ನೋಡಿದರು.

"ಇದೇನ ಇದು, ಗೆರಿ ಎಲ್ಲಾ ಸೊಟ್ಟ ಅವ? ಯಾವ ಪುಣ್ಯಾತ್ಮ ಮಾಡ್ಯಾನ? ನಿಮ್ಮ ಮನಿಯವರಿಗೆ ಒಮ್ಮೆ ತೋರಿಸಬಾರದಾಗಿತ್ತೇನ?"

"ಇವರಽ ಮಾಡ್ಯಾರಕ್ಕಾ," ಎಂದಳು ಸುನಂದಾ, ಮುಖ ಅರಳಿಸಿ. "ಒಂದೊಂದೂ ತಾವಽ ಕೂತು ಮಾಡ್ಯಾರ."

ಅಕ್ಕ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಹುಬ್ಬಳ್ಳಿಯ ಮನೆಯ ಗೋಡೆಗಳು ಅವರ ಕಣ್ಣಲ್ಲಿ ವಾಲುವುದು ನನಗೆ ಕಂಡಿತು.

"ಅದು ಡೀಫಾಲ್ಟ್‌ರೀ, ಅಕ್ಕಾರ," ಎಂದೆ. "ಯಾರೂ ನೋಡೂದಿಲ್ಲ ಬಿಡ್ರಿ."