ನಿಲ್ಲದ ಎ.ಸಿ.ಯೂ ನೀಲಿ ಬೆರಳೂ

ಕವರ್ ರಾಯರ ಮನೆಯ ಎ.ಸಿ.ಗೆ ನಿಲ್ಲುವುದೇ ಮರೆತುಹೋಗಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಗುರ್ ಅನ್ನುತ್ತಿತ್ತು, ಮಧ್ಯಾಹ್ನ ಊಟಕ್ಕೆ ಕೂತಾಗಲೂ ಗುರ್ ಅನ್ನುತ್ತಿತ್ತು, ಸಂಜೆ ಅಂಗಡಿ ಮುಚ್ಚಿ ಬಂದರೆ ಆಗಲೂ ಅದೇ ರಾಗ. ಇಷ್ಟು ಮೈಮುರಿದು ದುಡಿದದ್ದಕ್ಕೆ ಹಾಲ್ ಆದರೂ ತಣ್ಣಗಿದೆಯೇ ಅಂದರೆ ಅದೂ ಇಲ್ಲ. ಗಾಳಿಯೇನೋ ಬರುತ್ತಿತ್ತು, ಆದರೆ ಮನಸ್ಸಿಲ್ಲದೆ ಬಂದ ನೆಂಟನ ಹಾಗೆ ಹೊಸ್ತಿಲಲ್ಲೇ ನಿಂತು ವಾಪಸು ಹೋಗುತ್ತಿತ್ತು. ಹೊರಗೆ ನೋಡಿದರೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಬೇಸಿಗೆ.

ರಾಯರು ಎಂಬುದು ಅವರ ಹೆಸರಲ್ಲ, ಬೀದಿಯವರು ದಯಪಾಲಿಸಿದ ಬಿರುದು. ಅವರದು ಕವರ್ ಹೊಲಿಯುವ ಅಂಗಡಿ. ಕಾರು, ಸ್ಕೂಟರು, ಹಾಸಿಗೆ, ಕುರ್ಚಿ, ಏನನ್ನು ಕಂಡರೂ ಅವರ ಕಣ್ಣು ಮೊದಲು ಅದರ ಅಳತೆ ತೆಗೆಯುತ್ತಿತ್ತು. ಬೆತ್ತಲೆ ನಿಂತ ವಸ್ತುವನ್ನು ಕಂಡರೆ ಅವರ ಕೈ ತಾನಾಗಿ ಸೂಜಿ ಹುಡುಕುತ್ತಿತ್ತು. ಮನೆಯಲ್ಲಿ ಫ್ರಿಜ್ಜಿಗೆ ಕವರ್, ಫ್ರಿಜ್ಜಿನ ಹಿಡಿಗೆ ಬೇರೆ ಕವರ್, ರಿಮೋಟಿಗೆ ಕವರ್, ಗೋಡೆಯ ಗಡಿಯಾರಕ್ಕೆ ಕವರ್, ಕೊಡೆಗೆ ಕವರ್ (ಕೊಡೆ ನೆನೆಯಬಾರದಲ್ಲ), ಎ.ಸಿ.ಯ ಹೊರಗಿನ ಪೆಟ್ಟಿಗೆಗೆ ಈ ಬೇಸಿಗೆಯ ಹೊಸ ಮಾದರಿಯ ಕವರ್, ಸೋಫಾಗೆ ಒಳ್ಳೆಯ ಕವರ್, ಆ ಒಳ್ಳೆಯ ಕವರ್ ಹಾಳಾಗದಿರಲೆಂದು ಅದರ ಮೇಲೊಂದು ಸಾದಾ ಕವರ್. ಸೋಫಾದ ನಿಜವಾದ ಬಣ್ಣವನ್ನು ಅವರ ಹೆಂಡತಿ ಮದುವೆಯಾದ ಹೊಸದರಲ್ಲಿ ನೋಡಿದ್ದೇ ಕೊನೆ.

ವಿಷಯ ಬರೀ ಸೆಕೆಯದಾಗಿದ್ದರೆ ರಾಯರು ಒದ್ದೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಸುಮ್ಮನಿರುತ್ತಿದ್ದರು. ಆದರೆ ಮನೆಯಲ್ಲಿ ಅತ್ತೆ ಇದ್ದರು. ಹೆಂಡತಿಯ ತಾಯಿ, ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ವಾರ್ಡಿಗೆ ವಾರ್ಡನ್ನೇ ಗದರಿಸಿ ನಿವೃತ್ತರಾದವರು. ಅವರ ಸ್ವಂತ ಮನೆ ಒಂದು ಕಟ್ಟಡದ ತುತ್ತತುದಿಯಲ್ಲಿ, ತಗಡಿನ ಚಾವಣಿಯ ಕೆಳಗೆ. ಬಿಸಿಲು ಏರುತ್ತಲೇ ಅಲ್ಲಿ ಅಡುಗೆಮನೆಯಲ್ಲಿ ತಲೆತಿರುಗಿ ಬಿದ್ದಿದ್ದರು. ಬೇಸಿಗೆ ಕಳೆಯುವ ತನಕ ತಂಪಾದ ಕಡೆ ಇರಲೇಬೇಕು, ಇನ್ನೊಂದು ಸಲ ಬಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ ಮೇಲೆ ಮಗಳೇ ಹೋಗಿ ಕರೆತಂದಿದ್ದಳು. ಈಗ ಆ ತಂಪಾದ ಕಡೆಯೇ ಬೆವರುತ್ತಿತ್ತು. ಅತ್ತೆಯ ಮುಖ ದಿನೇದಿನೇ ಕೆಂಪಾಗುತ್ತಿತ್ತು, ಹೆಂಡತಿಯ ಮಾತು ದಿನೇದಿನೇ ಕಡಿಮೆಯಾಗುತ್ತಿತ್ತು. ಎರಡನೆಯದಕ್ಕೇ ರಾಯರು ಹೆಚ್ಚು ಹೆದರುತ್ತಿದ್ದರು.

ಮೆಕ್ಯಾನಿಕ್ಕನ್ನು ಕರೆಸೋಣವೆಂದರೆ, ಈ ಸೆಕೆಯಲ್ಲಿ ಮೆಕ್ಯಾನಿಕ್ ಮಂತ್ರಿಗಿಂತ ದುರ್ಲಭ. ಮುಂದಿನ ವಾರ ನೋಡೋಣ ಎಂದು ಅವನು ಫೋನಿಟ್ಟ. ರಾಯರಿಗೆ ಒಳಗೊಳಗೇ ಸಮಾಧಾನವಾಯಿತು. ಹೋದ ಸಲ ಬಂದಿದ್ದಾಗ ಆ ಮನುಷ್ಯ ಎ.ಸಿ.ಯ ಹಳೆಯ ಕವರನ್ನು ನೆಲಕ್ಕೆ ಹಾಕಿ ಅದರ ಮೇಲೆ ನಿಂತಿದ್ದ. ಹೀಗಾಗಿ ರೋಗಪತ್ತೆಯ ಮಹತ್ಕಾರ್ಯವನ್ನು ರಾಯರು ತಾವೇ ಕೈಗೆತ್ತಿಕೊಂಡರು.

"ಎ.ಸಿ. ನಿಲ್ತಿಲ್ಲ ಅಂದ್ರೆ ಹಾಲ್ ತಣ್ಣಗಾಗ್ತಿಲ್ಲ. ತಣ್ಣಗಾಗ್ತಿಲ್ಲ ಅಂದ್ರೆ ತಂಪು ಎಲ್ಲೋ ಸೋರ್ತಾ ಇದೆ" ಎಂದು ಹೆಂಡತಿಗೆ ವಿವರಿಸಿದರು. "ಸೋರೋದನ್ನ ಮುಚ್ಚೋದೇ ನನ್ನ ಕಸುಬು."

ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು. ತಪ್ಪು ಉತ್ತರ ಬರೆದ ಮಕ್ಕಳನ್ನು ನೋಡುವ ಹಾಗೆ ಒಮ್ಮೆ ನೋಡಿದಳು.

ರಾಯರು ಮೊದಲು ಫಿಲ್ಟರ್ ಬಿಚ್ಚಿ ಹಲ್ಲಿನ ಬ್ರಷ್ಷಿನಿಂದ ಉಜ್ಜಿ ತೊಳೆದರು (ಬ್ರಷ್ಷು ಹೆಂಡತಿಯದು, ಅದು ಆಮೇಲೆ ಗೊತ್ತಾಯಿತು). ಎ.ಸಿ. ನಿಲ್ಲಲಿಲ್ಲ. ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿದರು. ಬಾಗಿಲಿನ ಬುಡಕ್ಕೆ ದಪ್ಪ ಬಟ್ಟೆಯ ಪಟ್ಟಿ ಹೊಲಿದು ಹೊಡೆದರು. ಪರದೆಗೆ ಇನ್ನೊಂದು ಪರದೆ ಜೋಡಿಸಿದರು. ಕೊನೆಗೆ ಇಡೀ ಹಾಲ್‌ಗೇ ಒಂದು ಕವರ್ ಹಾಕಿದ ಹಾಗಾಯಿತು, ಒಳಗಿದ್ದವರು ಉಪ್ಪಿನಕಾಯಿಯಾಗುವುದೊಂದು ಬಾಕಿ. ಎ.ಸಿ. ಮಾತ್ರ ತನ್ನ ಪಾಡಿಗೆ ತಾನು ಗುರ್ ಅನ್ನುತ್ತಲೇ ಇತ್ತು.

ಮೆಟ್ಟಿಲಲ್ಲಿ ಸಿಕ್ಕ ಮೂರನೇ ಮಹಡಿಯ ಲಾಯರು ಕತ್ತು ಒರೆಸಿಕೊಳ್ಳುತ್ತ, ತಮ್ಮ ಮನೆಯದೂ ನಿಲ್ಲುತ್ತಿಲ್ಲ, ಈ ಸಲದ ಬಿಸಿಲೇ ಹಾಗಿದೆ ಎಂದರು. ಲಾಯರ ಮನೆಯವರು ಬಾಗಿಲು ಹಾರುಹೊಡೆದಿಟ್ಟು ಟಿ.ವಿ. ನೋಡುವವರು, ಅವರ ಎ.ಸಿ. ನಿಂತರೇ ಆಶ್ಚರ್ಯ ಎಂದು ರಾಯರು ಮನಸ್ಸಿನಲ್ಲೇ ತೀರ್ಪು ಕೊಟ್ಟರು. ಬಾಯಲ್ಲಿ ಹೇಳಲಿಲ್ಲ. ಈ ಬೇಸಿಗೆಯ ಹೊಸ ಮಾಲು ಕೊಂಡ ಮೊದಲ ಗಿರಾಕಿ ಲಾಯರೇ ಆಗಿದ್ದರು, ಅವರ ಬಾಯಿಮಾತಿನಿಂದಲೇ ಉಳಿದವರೂ ಕೊಂಡಿದ್ದರು.

ಮಾರನೆಯ ಬೆಳಿಗ್ಗೆ ರಾಯರು ಕಿಟಕಿಯ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು. ಅಂಟಿಸಿದ್ದ ಟೇಪನ್ನು ಯಾರೋ ಬಿಡಿಸಿ ಮತ್ತೆ ಅಂಟಿಸಿದ್ದರು. ಮುಂದಿನ ಸಲ ಎಳೆಯಲು ಸುಲಭವಾಗಲೆಂದು ಅದರ ತುದಿಯನ್ನು ಅಚ್ಚುಕಟ್ಟಾಗಿ ಒಳಕ್ಕೆ ಮಡಚಿದ್ದರು. ಗಾಯದ ಪಟ್ಟಿ ಕಟ್ಟಿ ಪಳಗಿದ ಕೈ ಮಾತ್ರ ಹಾಗೆ ಮಡಚುತ್ತದೆ. ಆದರೆ ಹೆಂಡತಿಯ ತಾಯಿಯ ಮೇಲೆ ಬರೀ ಅನುಮಾನದಿಂದ ಬೆರಳು ತೋರಿಸುವಷ್ಟು ದಡ್ಡರಲ್ಲ ಅವರು. ಅಂಗಡಿಯಿಂದ ಗುರುತು ಹಾಕುವ ನೀಲಿ ಸೀಮೆಸುಣ್ಣ ತಂದು, ಪುಡಿಮಾಡಿ, ಕಿಟಕಿಯ ಚಿಲಕಕ್ಕೆ ತೆಳ್ಳಗೆ ಸವರಿ, ಏನೂ ಅರಿಯದವರಂತೆ ಕೆಲಸಕ್ಕೆ ಹೋದರು.

ಮಧ್ಯಾಹ್ನ ಮನೆಗೆ ಬಂದು ಮೂವರೂ ಟೀ ಕುಡಿಯುವಾಗ ಅತ್ತೆಯ ಹೆಬ್ಬೆರಳೂ ತೋರುಬೆರಳೂ ನೀಲಿಯಾಗಿದ್ದವು.

"ಅತ್ತೆ, ನಿಮ್ಮ ಬೆರಳಿಗೆ ಏನಾಯ್ತು?" ಎಂದರು ರಾಯರು, ಸಾಧ್ಯವಾದಷ್ಟು ಮೃದುವಾಗಿ.

ಅತ್ತೆ ಬೆರಳು ನೋಡಿಕೊಂಡರು. ಆಮೇಲೆ ಚಿಲಕ ನೋಡಿದರು. ಆಮೇಲೆ ಅಳಿಯನನ್ನು ನೋಡಿದರು.

"ಕಿಟಕಿ ತೆಗೆದೆ, ಅಳಿಯಂದ್ರೇ. ಒಳಗೆ ಉಸಿರು ಕಟ್ಟೋ ಹಾಗಾಗಿತ್ತು. ಕೇಳಿದ್ರೆ ಹೇಳ್ತಿದ್ದೆ, ಪುಡಿ ಹಾಕೋದೇನೂ ಬೇಕಿರಲಿಲ್ಲ."

ರಾಯರು ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಜಗತ್ತಿನ ಎಲ್ಲಕ್ಕೂ ಮುಚ್ಚಳ ಹೊಲಿದ ಮನುಷ್ಯನಿಗೆ ಅದೊಂದನ್ನು ಮುಚ್ಚಲು ಬರಲಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿ, "ನೀವು ಕಿಟಕಿ ತೆಗೀತಾ ಹೋಗೋದು, ಅದು ಓಡ್ತಾ ಹೋಗೋದು. ಪಾಪ, ಯಂತ್ರಾನಾದ್ರೂ ಎಷ್ಟೂಂತ ತಡಕೊಳ್ಳುತ್ತೆ" ಎಂದುಬಿಟ್ಟರು.

ಅತ್ತೆ ಲೋಟ ಕೆಳಗಿಟ್ಟು ಎದ್ದು ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಕೇಳಿತು. ಆ ಸೂಟ್‌ಕೇಸಿನ ಕವರನ್ನೂ ಹೊಲಿದವರು ರಾಯರೇ. ಜಿಪ್ ಎಷ್ಟು ಸಲೀಸಾಗಿ ಓಡುತ್ತಿದೆ ಎಂದು ಅಂಥ ಗಳಿಗೆಯಲ್ಲೂ ಅವರಿಗೆ ಅನ್ನಿಸಿತು, ಮರುಕ್ಷಣವೇ ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ಹೆಂಡತಿ ಕಿರುಚಲಿಲ್ಲ. ಕಿರುಚಿದ್ದರೆ ಎಷ್ಟೋ ಮೇಲಿತ್ತು. ಎದ್ದು ತಾಯಿಯ ಕೋಣೆಗೆ ಹೋಗಿ ಬಂದು, ಕಿಟಕಿ ಮುಚ್ಚಿ, ಟೇಪನ್ನು ಒತ್ತಿ ಅಂಟಿಸಿ, ತಿರುಗಿ ನಿಂತಳು.

"ಅಮ್ಮ ಸಂಜೆ ಟ್ಯಾಕ್ಸಿಗೆ ಹೇಳಿದ್ದಾಳೆ. ಅವಳು ಆ ತಗಡಿನ ಕೆಳಗೆ ಹೋದ್ರೆ ನಾನೂ ಹೋಗ್ತೀನಿ. ಬಿದ್ರೆ ಎತ್ತೋಕೆ ಅಲ್ಲಿ ಒಬ್ಬರು ಬೇಕಲ್ಲ." ಲೆಕ್ಕ ಬಿಡಿಸುವ ದನಿಯಲ್ಲೇ ಮುಂದುವರಿಸಿದಳು. "ಈಗ ಕಿಟಕಿ ಮುಚ್ಚಿದೆ. ಟ್ಯಾಕ್ಸಿ ಬರೋದ್ರೊಳಗೆ ಎ.ಸಿ. ನಿಂತ್ರೆ ತಪ್ಪು ಅಮ್ಮಂದು. ನಿಲ್ಲದೇ ಇದ್ರೆ ಯಾರದು ಅಂತ ನೀವೇ ಹೇಳಿ."

ರಾಯರು ಆ ಮಧ್ಯಾಹ್ನ ಮತ್ತೆ ಅಂಗಡಿಗೆ ಹೋಗಲಿಲ್ಲ. ಎ.ಸಿ.ಯ ಎದುರು ಕುರ್ಚಿ ಹಾಕಿಕೊಂಡು ಪರೀಕ್ಷೆಯ ಫಲಿತಾಂಶ ಕಾಯುವವರಂತೆ ಕೂತರು. ಮೊದಮೊದಲು, ನಿಲ್ಲಪ್ಪಾ, ನನ್ನ ಮಾನ ಉಳಿಸಪ್ಪಾ ಎಂದು ಬೇಡಿಕೊಂಡರು. ಬಿಸಿಲು ಗೋಡೆ ಇಳಿಯುತ್ತಿದ್ದಂತೆ ಬೇಡಿಕೆ ಬದಲಾಯಿತು. ಕಾದ ತಗಡಿನ ಕೆಳಗಿನ ಆ ಅಡುಗೆಮನೆಯ ನೆಲ ಕಣ್ಣ ಮುಂದೆ ಬರತೊಡಗಿತು. ಅಲ್ಲಿ ಅತ್ತೆ ಬಿದ್ದಿದ್ದಾಗ ಸುದ್ದಿ ಕೇಳಿ ಓಡಿಹೋಗಿ ಎತ್ತಿ ಕೂರಿಸಿದವರಲ್ಲಿ ತಾವೂ ಒಬ್ಬರು, ಆಗ ಆ ಗಟ್ಟಿ ಹೆಂಗಸು ತಮ್ಮ ತೋಳನ್ನು ಹೇಗೆ ಬಿಡದೆ ಹಿಡಿದಿದ್ದರು ಎಂಬುದು ನೆನಪಾಯಿತು. ರಾಯರಿಗೆ ನಿಜವಾಗಿ ಭಯವಾಯಿತು. ಎ.ಸಿ. ಗುರ್ ಎಂದಿತು. ಬಾಗಿಲು ಮುಚ್ಚಿತ್ತು, ಕಿಟಕಿ ಮುಚ್ಚಿತ್ತು, ಪರದೆಯ ಮೇಲೆ ಪರದೆ ಎಳೆದಿತ್ತು, ಆದರೂ ಅದು ನಿಲ್ಲಲಿಲ್ಲ.

ಕೆಳಗಿಂದ ಟ್ಯಾಕ್ಸಿಯ ಹಾರನ್ ಕೇಳಿತು.

ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿದ್ದುದರಿಂದ ಟ್ಯಾಕ್ಸಿ ಹಿಂದಿನ ಗೇಟಿಗೆ ಬಂದಿತ್ತು. ಅತ್ತೆ ಸೂಟ್‌ಕೇಸನ್ನು ಯಾರ ಕೈಗೂ ಕೊಡದೆ ಹಿಂಬದಿಯ ಮೆಟ್ಟಿಲ ಕಡೆ ನಡೆದರು. ಹಿಂದೆ ಚೀಲ ಹಿಡಿದ ಹೆಂಡತಿ, ಅವಳ ಹಿಂದೆ ಬರಿಗೈಯ ರಾಯರು. ಮೆಟ್ಟಿಲ ಪಕ್ಕದ ಗೋಡೆಗೇ ಎ.ಸಿ.ಯ ಹೊರಗಿನ ಪೆಟ್ಟಿಗೆ ಕೂರಿಸಿತ್ತು. ಅದರ ಮುಂದೆ ಹಾಯುವಾಗ ಬಿಸಿಗಾಳಿ ಮುಖಕ್ಕೆ ರಾಚಿ ಅತ್ತೆ ನಿಂತರು. ಸೂಟ್‌ಕೇಸ್ ಕೆಳಗಿಟ್ಟು, ಅಂಗೈ ತಿರುವಿ ಕೈಬೆನ್ನನ್ನು ಪೆಟ್ಟಿಗೆಯ ನೆತ್ತಿಗೆ ಒತ್ತಿದರು.

"ಇದಕ್ಕೆ ಜ್ವರ" ಎಂದರು. "ಏನಿದು, ಈ ಸೆಕೇಲಿ ಇದಕ್ಕೆ ಕೋಟು?"

ಕಸುಬಿನ ಮಾತು ಬಂದರೆ ರಾಯರ ನಾಲಿಗೆ ತಾನಾಗಿ ಹೊರಳುತ್ತದೆ. ದಪ್ಪ ರೆಕ್ಸಿನ್, ಒಳಗೆ ಮೆತ್ತನೆಯ ಅಸ್ತರಿ, ಬಿಸಿಲಾಗಲಿ ಧೂಳಾಗಲಿ ತಾಗುವಂತೆಯೇ ಇಲ್ಲ ಎಂದರು. "ಉಸಿರಾಡ್ಲಿ ಅಂತ ಮುಖ ಬಿಟ್ಟಿದ್ದೀನಿ ಅತ್ತೆ, ಮುಂದಿನ ಫ್ಯಾನ್ ಪೂರ್ತಿ ತೆರೆದೇ ಇದೆ."

ಅತ್ತೆ ಬಗ್ಗಿ ಹಿಂಬದಿಗೆ ಕೈ ಹಾಕಿದರು. ಅಲ್ಲಿ ರೆಕ್ಸಿನ್ ಒಳಕ್ಕೆ ಎಳೆದುಕೊಂಡು ಪೆಟ್ಟಿಗೆಯ ಪಕ್ಕೆಲುಬಿಗೆ ಬಿಗಿಯಾಗಿ ಕಚ್ಚಿತ್ತು.

"ಮುಂದಿಂದ ಇದು ಉಸಿರು ಬಿಡೋದು, ಅಳಿಯಂದ್ರೇ. ಎಳಕೊಳ್ಳೋದು ಬೆನ್ನಿಂದ. ಬೆನ್ನಿಗೆ ಅಸ್ತರಿ ಕೊಟ್ಟು ಜಿಪ್ ಬೇರೆ ಹಾಕಿದ್ದೀರಿ. ಜ್ವರ ಬಂದೋರಿಗೆ ಮೊದಲು ಬಟ್ಟೆ ಸಡಿಲ ಮಾಡ್ಬೇಕು."

ಹಾಗೆಂದು, ಎಷ್ಟೋ ರೋಗಿಗಳ ಅಂಗಿ ಕಳಚಿದ ಕೈಯಿಂದ ಒಂದೇ ಸೆಳೆತಕ್ಕೆ ಕೋಟು ಬಿಚ್ಚಿ ಅಳಿಯನ ತೋಳಿನ ಮೇಲೆ ಹಾಕಿದರು. ಅದು ಬಾಣಲೆಯ ಹಾಗೆ ಸುಡುತ್ತಿತ್ತು. ಪೆಟ್ಟಿಗೆ ಸುಯ್ ಎಂದು ದೀರ್ಘವಾಗಿ ಉಸಿರೆಳೆದುಕೊಂಡಿತು. ಸ್ವಲ್ಪ ಕಾಯಲು ಟ್ಯಾಕ್ಸಿಯವನಿಗೆ ಮೇಲಿಂದಲೇ ಕೂಗಿ ಹೇಳಿ ಅತ್ತೆ ಸೂಟ್‌ಕೇಸ್ ಸಮೇತ ವಾಪಸು ಹಾಲ್‌ಗೆ ಬಂದು ಕೂತರು.

ಮೂವರೂ ಎ.ಸಿ.ಯ ಕಡೆ ಮುಖ ಮಾಡಿ ಕೂತರು. ಮೊದಲು ರಾಯರ ಬೋಳುನೆತ್ತಿಗೆ ತಂಪು ತಾಗಿತು. ಆಮೇಲೆ ಹೆಂಡತಿ ಸೆರಗು ಹೊದ್ದುಕೊಂಡಳು. ಇನ್ನಷ್ಟು ಹೊತ್ತು ಕಳೆದ ಮೇಲೆ ಹೊರಗೆ ಟಕ್ ಎಂದಿತು. ಆ ಗುರ್ ನಿಂತಿತು. ಕವರಿನೊಳಗಿನ ಗಡಿಯಾರ ನಡೆಯುವ ಸದ್ದು ಕೇಳುವಷ್ಟು ಮನೆ ನಿಶ್ಶಬ್ದವಾಯಿತು.

"ತಪ್ಪಾಯ್ತು ಅತ್ತೆ" ಎಂದರು ರಾಯರು.

"ಈ ನೀಲಿ ಏನು ಮಾಡಿದ್ರೂ ಹೋಗ್ತಿಲ್ಲ" ಎಂದು ಅತ್ತೆ ಬೆರಳು ತೋರಿಸಿದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ಸೂಟ್‌ಕೇಸನ್ನು ಕಾಲಿನಿಂದ ಸೋಫಾದ ಹಿಂದಕ್ಕೆ ತಳ್ಳಿದರು. ಹೆಂಡತಿ ಟ್ಯಾಕ್ಸಿಯವನನ್ನು ಕಳಿಸಲು ಹಿಂದಕ್ಕೆ ಹೋದಳು. ಇಷ್ಟಕ್ಕೇ ಮುಗಿಯಿತಲ್ಲ, ಬದುಕಿದೆ ಎಂದು ರಾಯರು ಸಾದಾ ಕವರಿನ ಮೇಲೆ ಬೆನ್ನು ಚಾಚಿದರು.

"ರೀ, ಸ್ವಲ್ಪ ಇಲ್ಲಿ ಬನ್ನಿ" ಎಂದಳು ಹೆಂಡತಿ ಮೆಟ್ಟಿಲಿಂದ.

ಅಲ್ಲಿಂದ ಕಟ್ಟಡದ ಇಡೀ ಬೆನ್ನು ಕಾಣುತ್ತಿತ್ತು, ಎದುರು ಕಟ್ಟಡದ್ದೂ ಕಾಣುತ್ತಿತ್ತು. ಮಹಡಿ ಮಹಡಿಗೂ ಪೆಟ್ಟಿಗೆಗಳು, ಪೆಟ್ಟಿಗೆ ಪೆಟ್ಟಿಗೆಗೂ ಅದೇ ರೆಕ್ಸಿನ್ ಕೋಟು. ಒಂದೊಂದರ ಎದೆಯ ಮೇಲೂ ಫ್ಯಾನಿನ ಪಕ್ಕಕ್ಕೆ ಬಿಳಿ ಅಕ್ಷರದಲ್ಲಿ 'ಬಿಸಿಲಿರಲಿ, ಧೂಳಿರಲಿ, ರಾಯರ ಕವರ್ ಜೊತೆಗಿರಲಿ' ಎಂಬ ಸಾಲು, ಅದರ ಕೆಳಗೆ ದೂರದಿಂದಲೂ ಓದಲು ಬರುವಷ್ಟು ದಪ್ಪಗೆ ಅವರ ಫೋನ್ ನಂಬರು. ಇಷ್ಟು ದಿನ ತಮ್ಮ ಮನೆಯ ಸದ್ದಿನಲ್ಲಿ ಕೇಳಿಸದಿದ್ದದ್ದು ಈಗ ರಾಯರಿಗೆ ಕೇಳಿಸಿತು. ಇಡೀ ಬೀದಿಯೇ ಗುರ್ ಅನ್ನುತ್ತಿತ್ತು.

ಮೂರನೇ ಮಹಡಿಯ ಕಟಾಂಜನದಿಂದ ಬಗ್ಗಿ ಲಾಯರು ಕೆಳಗೆ ನೋಡುತ್ತಿದ್ದರು. ಮೊದಲು ರಾಯರ ಬೆತ್ತಲೆ ಪೆಟ್ಟಿಗೆಯನ್ನು ನೋಡಿದರು, ಅದು ನಿಂತಿದೆ ಎಂದು ಕಿವಿಗೊಟ್ಟು ಖಚಿತಪಡಿಸಿಕೊಂಡರು. ಆಮೇಲೆ ತಮ್ಮ ಪೆಟ್ಟಿಗೆಯ ಕಡೆ ತಿರುಗಿ, ಅದರ ಎದೆಯ ಮೇಲಿನ ನಂಬರನ್ನು ಸಾವಕಾಶವಾಗಿ ಓದಿಕೊಳ್ಳುತ್ತ ಜೇಬಿನಿಂದ ಫೋನ್ ತೆಗೆದರು.

ಅಷ್ಟರಲ್ಲಿ ಅತ್ತೆ ಹೊರಗೆ ಬಂದಿದ್ದರು. ಆಸ್ಪತ್ರೆಯ ಕಾಲದ ಗಡಿಯಾರವನ್ನು ಎದೆಗೆ ಸಿಕ್ಕಿಸಿಕೊಂಡಿದ್ದರು, ಮುಖದಲ್ಲಿ ಹಳೆಯ ಕಳೆ ಬಂದಿತ್ತು. ಅಳಿಯನ ಕೈಗೆ ಕತ್ತರಿ ಕೊಟ್ಟು, "ಲಾಯರಿಂದ ಶುರು ಮಾಡೋಣ. ನಾನು ಮಾತಾಡ್ತೀನಿ, ನೀವು ಬಿಚ್ಚಿ" ಎಂದು ಮುಂದಾದರು.

ರಾಯರು ಕತ್ತರಿ ಹಿಡಿದು ಅವರ ಹಿಂದೆ ಮೆಟ್ಟಿಲು ಹತ್ತಿದರು. ಜೇಬಿನಲ್ಲಿ, ಕವರಿನೊಳಗಿಂದ, ಫೋನು ಹೊಡೆದುಕೊಳ್ಳತೊಡಗಿತು. ಅದು ಸದ್ಯಕ್ಕೆ ನಿಲ್ಲುವ ಹಾಗೆ ಕಾಣಲಿಲ್ಲ.