ಮುತ್ತಜ್ಜ ಕಟ್ಟಿದ ಚರ್ಚು

ಬೆಳಗಾವಿಯ ಕ್ಯಾಂಪಿನ ಹಳೆಯ ಚರ್ಚಿನ ಎದುರು, ಚಹಾದಂಗಡಿಯಲ್ಲಿ ನಿಂತು ರಾಮಲಿಂಗ ಆಡಿದ ಒಂದು ಮಾತೇ ಎಲ್ಲದಕ್ಕೂ ಕಾರಣವಾಯಿತು.

“ಈ ಚರ್ಚ್ ಕಟ್ಟಿದಾವ್ರು ಇಂಗ್ಲೆಂಡಿನವ್ರಲ್ರೀ. ನಮ್ಮ ಮುತ್ತಜ್ಜ ಲಕ್ಷ್ಮಪ್ಪ! ಪಾರಿಶ್ವಾಡದ ಗೌಂಡಿ!”

ವಿಮಾ ಕಚೇರಿಯ ಗುಮಾಸ್ತ ರಾಮಲಿಂಗ ಪ್ರತಿ ಭಾನುವಾರ ತಪ್ಪದೆ ಈ ಮಾತು ಹೇಳುತ್ತಿದ್ದ. ಅವನಿಗೆ ಅಪ್ಪ ಹೇಳಿದ್ದು, ಅಪ್ಪನಿಗೆ ಅಜ್ಜ ಹೇಳಿದ್ದು. ಕೇಳಿ ಕೇಳಿ ಬೇಸತ್ತ ಅಂಗಡಿಯವನು ಚಹಾ ಆರಿಸಿಯೇ ಕೊಡುತ್ತಿದ್ದ, ಬೇಗ ಕುಡಿದು ಹೋಗಲಿ ಎಂದು. ಆದರೆ ಈ ಭಾನುವಾರ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡವರು ಆ ಚರ್ಚಿನ ಸಭಾಪಾಲಕ ಅಮರ.

“ಖರೇ ಏನ್ರೀ? ದೇವರ ಕಳಿಸಿದಂಗ ಬಂದೀರಿ! ಆಂಗ್ಲಿಕನ್ ಸಭಾದ ಪರವಾಗಿ ಇಲ್ಲಿ ಚರ್ಚ್ ಕಟ್ಟಿಸಿದ ಪಾದ್ರಿಗಳ ಮರಿಮಗಳು ಮಾರ್ಗರೆಟ್ ಅವ್ರು ಇಂಗ್ಲೆಂಡಿನಿಂದ ಬಂದಾರ. ಇವತ್ತ ನಮ್ಮ ಹೊಸ ಸಭಾಭವನದ ಅಡಿಗಲ್ಲು. ಗೌಂಡಿ ಮನಿತನದವ್ರೂ ಸಿಕ್ರ ಛಲೋ ಆಗ್ತಿತ್ತು ಅಂತ ಭಾಳ ಆಸೆ ಅವರಿಗೆ. ಹನ್ನೊಂದಕ್ಕ ಬರ್ರಿ, ಸನ್ಮಾನ ಐತಿ.”

ಸದಾಶಿವನಗರದ ಮನೆಗೆ ಓಡಿ ಬಂದ ರಾಮಲಿಂಗ ಹೆಂಡತಿ ಪ್ರಮಿಳಾಗೆ ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ, ಪಕ್ಕದ ಮನೆಯ ಅಲಕಾ ವಹಿನಿಯ ತಲೆ ಕಾಂಪೌಂಡ್ ಗೋಡೆಯ ಮೇಲೆ ಕುಕ್ಕರಿನ ಸೀಟಿಯಂತೆ ಎದ್ದಿತು.

“ಇಂಗ್ಲೆಂಡಿನವರ ಮುಂದ ಬರೇ ಅಂಗಿ ಮ್ಯಾಲೆ ಹೋಗ್ತೀರೇನ್ ಭಾವುಜಿ? ತಡೀರಿ, ನಮ್ಮವರ ಮದವಿ ಕೋಟ್ ಐತಿ!”

ಆ ಕೋಟು ಅಲಕಾಳ ಗಂಡ ಊದುಬತ್ತಿಯಂತಿದ್ದ ಕಾಲದಲ್ಲಿ ಹೊಲಿಸಿದ್ದು. ಅದರೊಳಗೆ ಹೊಕ್ಕ ಮೇಲೆ ರಾಮಲಿಂಗ, ಕೈಗಳೆರಡೂ ಕೆಳಗಿಳಿಯದೆ, ಹೊಲದ ಬೆದರುಬೊಂಬೆಯಂತೆ ನಿಂತುಬಿಟ್ಟ.

“ಕೋಟ್ ನೋಡಿ ಪಾದ್ರಿ ಮನಿತನ ಅಂತ ತಿಳೀತಾರ,” ಪ್ರಮಿಳಾ ಅಡ್ಡ ಬಂದಳು. “ಗೌಂಡಿ ಮನಿತನ ಅನ್ನಬೇಕಂದ್ರ ತಲೀಗೆ ರುಮಾಲ ಬೇಕು.”

ಇಬ್ಬರಲ್ಲಿ ಯಾರೂ ಸೋಲಲಿಲ್ಲ. ರಾಮಲಿಂಗ ಕೋಟನ್ನೂ ತೊಟ್ಟ, ರುಮಾಲನ್ನೂ ಸುತ್ತಿದ.

ರುಮಾಲಿನ ಮೇಲೆ ಹೆಲ್ಮೆಟ್ ಕೂರಲಿಲ್ಲವಾದ್ದರಿಂದ ಸಿಟಿ ಬಸ್ಸೇ ಗತಿಯಾಯಿತು. ಕ್ಯಾಂಪಿನಲ್ಲಿ ಇಳಿಯುವಾಗ ರುಮಾಲಿನ ತುದಿ ಬಸ್ಸಿನೊಳಗೆ ಯಾವುದೋ ಕೊಕ್ಕೆಗೆ ಸಿಕ್ಕಿತು. ಬಸ್ಸು ಹೊರಟಿತು. ರಾಮಲಿಂಗ ನಿಂತಲ್ಲೇ ಬುಗುರಿಯಂತೆ ಗರಗರ ತಿರುಗಿದ. ತಲೆಸುತ್ತು ನಿಲ್ಲುವ ಹೊತ್ತಿಗೆ ಮನೆತನದ ಗೌರವ ಬಸ್ಸಿನ ಹಿಂದೆ ಬಾಲದಂತೆ ಹಾರುತ್ತ ತಿರುವಿನಲ್ಲಿ ಮರೆಯಾಗುತ್ತಿತ್ತು. “ಏ, ನಿಲ್ಸೋ!” ಎಂದು ಕೈಯೆತ್ತಿದ್ದೇ ತಡ, ಕೋಟು ಕಂಕುಳಲ್ಲಿ ಪರ್ರನೆ ಹರಿಯಿತು.

ಹರಿದ ಕಂಕುಳನ್ನು ಒತ್ತಿ ಹಿಡಿದು ಚರ್ಚಿನೊಳಗೆ ಹೋದರೆ, ಸನ್ಮಾನದ ಕುರ್ಚಿಯಲ್ಲಿ ಬೇರೊಬ್ಬ ಕುಳಿತಿದ್ದ. ಖಾನಾಪುರದ ಗುತ್ತಿಗೆದಾರ ಮಧುಕರ.

“ಈ ಚರ್ಚ್ ಕಟ್ಟಿದಾವ್ರು ನಮ್ಮ ಪಣಜೋಬಾ, ಅಂದ್ರ ನಮ್ಮ ಮುತ್ತಜ್ಜ. ಕಲ್ಲೆಲ್ಲಾ ಖಾನಾಪುರದಿಂದ ಬಂದಾವ,” ಎಂದ ಮಧುಕರ.

“ಕಲ್ಲು ಬಂದ್ರ ಆತೇನ್ರೀ? ಕಟ್ಟು ಕೈ ಪಾರಿಶ್ವಾಡದಿಂದ ಬಂದಾವ!” ರಾಮಲಿಂಗನ ದನಿ ಕಮಾನುಗಳಲ್ಲಿ ಗುಂಯ್‌ಗುಟ್ಟಿತು.

ಸಭಾಪಾಲಕರು ಕೈ ಜೋಡಿಸಿದರು. “ಇದು ದೇವರ ಮನಿರೀ. ಇಬ್ರೂ ಕುಂದರ್ರಿ.”

ಇದ್ದದ್ದು ಒಂದೇ ಕುರ್ಚಿ. ಅರ್ಧದಲ್ಲಿ ರಾಮಲಿಂಗ, ಅರ್ಧದಲ್ಲಿ ಮಧುಕರ. ಒಬ್ಬ ಉಸಿರೆಳೆದರೆ ಇನ್ನೊಬ್ಬ ಜಾರಬೇಕು.

ಸಭೆಯವರೆಲ್ಲ ಎದ್ದು ನಿಂತು ಕನ್ನಡದಲ್ಲಿ ಹಾಡಿದರು. ಮುಂದಿನ ಸಾಲಿನಲ್ಲಿದ್ದ ಮಾರ್ಗರೆಟ್ ಅಜ್ಜಿ ಕಣ್ಣೊರೆಸಿಕೊಂಡರು. ಆಮೇಲೆ ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸಭಾಪಾಲಕರು ಕನ್ನಡಕ್ಕೆ ತಂದರು.

“ನಮ್ಮ ಮುತ್ತಜ್ಜ ಸಮುದ್ರ ದಾಟಿ ಒಬ್ರ ಬಂದ್ರಂತ. ಪ್ರಾರ್ಥನಾಕ್ಕ ಒಂದ ಸೂರೂ ಇರಲಿಲ್ಲಂತ. ಅವ್ರು ಬಿಟ್ಟು ಹೋದ ಸಭಾನ ನೀವು ಇಷ್ಟ ದೊಡ್ಡದು ಮಾಡೀರಿ. ಈಗ ಇದು ನಮ್ಮದಲ್ಲ, ನಿಮ್ಮದು.”

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಪಾರಿಶ್ವಾಡಕ್ಕೇ ಯಾರೋ ಕಿರೀಟ ತೊಡಿಸಿದಂತೆ ರಾಮಲಿಂಗ ನೆಟ್ಟಗಾದ.

“ಚರ್ಚ್ ಕಟ್ಟಿದ ಗೌಂಡಿನ್ನೂ ನಮ್ಮ ಮನ್ಯಾಗ ಯಾರೂ ಮರತಿಲ್ಲ,” ಎಂದರು ಅಜ್ಜಿ. ಕುರ್ಚಿಯ ಇಬ್ಬರೂ ಮುಂದೆ ಬಾಗಿದರು.

“ಇಂಗ್ಲೆಂಡಿನಿಂದ ಒಂದು ದೊಡ್ಡ ಆರ್ಗನ್ ತರಿಸಿದ್ರಂತ. ಹಡಗು, ರೈಲು, ಚಕ್ಕಡಿ ಎಲ್ಲಾ ದಾಟಿ ಬಂದದ್ದು ಚರ್ಚಿನ ಬಾಗಲದಾಗ ಹಿಡೀಲಿಲ್ಲ! ಗೌಂಡಿ ಬಾಗಲಾ ಅಷ್ಟು ಸಣ್ಣದು ಕಟ್ಟಿದ್ದ. ಕಡೀಕ ಗ್ವಾಡಿ ಒಡದು ಒಳಗ ತಂದ್ರು. ಇವತ್ತಿಗೂ ನಮ್ಮ ಮನ್ಯಾಗ ಯಾರರ ಅಳತಿ ತಪ್ಪಿದ್ರ, ‘ಬೆಳಗಾವಿ ಬಾಗಲಾ ಮಾಡಿದಿ’ ಅಂತ ನಗತೀವಿ.”

ಚರ್ಚು ಬಿದ್ದು ಬಿದ್ದು ನಕ್ಕಿತು. ಮಧುಕರ ಕಾದ ಹಂಚಿನ ಮೇಲೆ ಕುಳಿತವನಂತೆ ಎದ್ದು ನಿಂತ.

“ಛೇ ಛೇ! ನಮ್ಮ ಪಣಜೋಬಾ ಬರೇ ಕಲ್ಲು ಕಳಿಸಿದ್ರು. ಗ್ವಾಡಿ, ಬಾಗಲಾ ಎಲ್ಲಾ ಇವರ ಮುತ್ತಜ್ಜಂದು. ಖರೇ ವಾರಸದಾರ ಇವ್ರು!”

ಈಗ ಇಡೀ ಕುರ್ಚಿ ರಾಮಲಿಂಗನದಾಯಿತು. ನಗುವ ಮುಖಗಳೆಲ್ಲ ಅವನ ಕಡೆ ತಿರುಗಿದವು. ನಮ್ಮವರೂ ಅಲ್ಲ ಎಂದುಬಿಡಲು ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ಮೇಲೆ ಹೋಯಿತು. ಎತ್ತರದ ಕಮಾನುಗಳು, ಸೊಟ್ಟವಾಗದ ಕಂಬಗಳು. ಅಪ್ಪ ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಹೊರಗಿನಿಂದ ತೋರಿಸಿದ್ದು ಇದೇ ಚರ್ಚು.

ರಾಮಲಿಂಗ ಎದ್ದು ನಿಂತ. ಎದೆಯುಬ್ಬಿದ ರಭಸಕ್ಕೆ ಕೋಟಿನ ಕೊನೆಯ ಗುಂಡಿ ಸಿಡಿದು ಸಭಾಪಾಲಕರ ಪಾದದ ಬಳಿ ಬಿತ್ತು.

“ಹೌದ್ರೀ, ನಮ್ಮ ಮುತ್ತಜ್ಜನ. ಬಾಗಲಾ ಸಣ್ಣದಾತು, ಒಪ್ಪತೀನಿ. ಆದ್ರ ನೂರ ವರ್ಷದ ಮ್ಯಾಲಾತು, ಒಂದ ಗ್ವಾಡಿರೇ ಬಿರಕ ಬಿಟ್ಟೈತೇನು, ನೋಡ್ರಿ!”

ಸಭಾಪಾಲಕರು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅಜ್ಜಿ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಮತ್ತೆ ಚಪ್ಪಾಳೆ. ಶಾಲು, ಹಾರ. ಹರಿದ ಕೋಟು ಶಾಲಿನಡಿ ಮುಚ್ಚಿಹೋಯಿತು. ಹೆಂಡತಿ ನೋಡಲು ಇರಬೇಕಿತ್ತು ಎನ್ನಿಸಿತು.

ಮೆರವಣಿಗೆಯಂತೆ ಎಲ್ಲರೂ ಅಡಿಗಲ್ಲಿನ ಬಳಿ ಬಂದರು. ರಾಮಲಿಂಗ ಕೈಗೆ ಕರಣಿ ತೆಗೆದುಕೊಂಡು ಕಲ್ಲಿಗೆ ಸಿಮೆಂಟು ಹಚ್ಚಿದ. ಉತ್ಸಾಹ ತಡೆಯದೆ, “ಪಾಸ್ಟರ್, ಹೊಸ ಕಟ್ಟಡದ ಬಾಗಲಾ ಎಲ್ಲಿ ಬರತೈತಿ? ಅಲ್ಲೂ ಒಂದ ಕರಣಿ ಹಚ್ಚತೀನಿ,” ಎಂದ.

ಸಭಾಪಾಲಕರು ಮೆಲ್ಲನೆ ಅವನ ಕೈಯಿಂದ ಕರಣಿ ತೆಗೆದುಕೊಂಡರು.

“ಬಾಗಲದ ಗೊಡವಿಗೆ ನೀವು ಹೋಗಬ್ಯಾಡ್ರಿ ಸಾಹೇಬ್ರ,” ಎಂದು ಕಿವಿಯಲ್ಲಿ ಹೇಳಿದರು. “ಅಳತಿ ಮಧುಕರ ಅವ್ರು ತಗೋತಾರ. ಈಗ ಒಳಗ ನಿಮಗ ಶಾಲು ಹಾಕೂವಾಗ ಚರ್ಚಿನ ಕಮಿಟಿಯವ್ರು ಇಡೀ ಕಟ್ಟಡದ ಗುತ್ತಿಗೆ ಅವರಿಗೇ ಕೊಟ್ಟುಬಿಟ್ರು.”