ಹಳೇದ್ಯಾವುದು, ಹೊಸದ್ಯಾವುದು?

ದಾಸ್ತಾನಿನ ವರದಿ ಪರದೆಯ ಮೇಲೆ ಮೂಡಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ರಗಳೆ ಶುರುವಾದದ್ದೇ ಅಲ್ಲಿಂದ.

ಅದು ಯಂತ್ರಗಳ ಬಿಡಿಭಾಗ ಮಾರುವ ಕಂಪನಿ. ಬೇರಿಂಗು, ಬೆಲ್ಟು, ವಾಲ್ವುಗಳ ಲಕ್ಷಾಂತರ ವಿವರಗಳು ಒಂದು ಡೇಟಾಬೇಸಿನಲ್ಲಿದ್ದವು. ವರದಿ ತಡವಾದಾಗಲೆಲ್ಲ ಗೋದಾಮಿನ ಮೇಲ್ವಿಚಾರಕರು ಫೋನ್ ಮಾಡಿ ಕೂಗಾಡುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವ ಕರ್ಮ ತಾಳಪ್ಪನದು. ಹೆತ್ತವರು ಇಟ್ಟ ಹೆಸರು ಬೇರೆ. ಎಲ್ಲರಿಗೂ “ತಾಳಿ, ತಾಳಿ, ಈಗ ಬರತ್ತೆ” ಎಂದು ಹೇಳಿ ಹೇಳಿ ಆಫೀಸಿನಲ್ಲಿ ಈ ಹೆಸರೇ ಅಂಟಿಕೊಂಡಿತ್ತು.

ಕೊನೆಗೆ ತಾಳಪ್ಪನೇ ತಾಳಲಾರದೆ ಒಂದು ಉಪಾಯ ಹೂಡಿದ. ಯಾವ ವಿವರ ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ಇಂಡೆಕ್ಸ್ ಹೇಳುತ್ತದೆ. ಆದರೆ ಡೇಟಾಬೇಸು ಒಂದು ವಿಳಾಸ ನೋಡಿ, ಆ ವಿವರವಿರುವ ಪುಟ ಡಿಸ್ಕಿನಿಂದ ಬರುವ ತನಕ ಬಸ್ಸು ತಪ್ಪಿದವನ ಹಾಗೆ ಬಾಯಿಬಿಟ್ಟುಕೊಂಡು ನಿಂತು, ಆಮೇಲೆ ಮುಂದಿನ ವಿಳಾಸ ನೋಡುತ್ತಿತ್ತು. ತಾಳಪ್ಪ ಬರೆದ ಹೊಸ ಕೋಡು ಇಂಡೆಕ್ಸಿನಲ್ಲಿ ಮುಂದಮುಂದಕ್ಕೆ ಕಣ್ಣು ಹಾಯಿಸಿ, ಬೇಕಾಗಲಿರುವ ಪುಟಗಳನ್ನು ಮೊದಲೇ ತರಿಸಿಡುತ್ತಿತ್ತು. ವರದಿ ಹನ್ನೆರಡೇ ಸೆಕೆಂಡಿನಲ್ಲಿ ಬಂತು.

“ಯಜಮಾನ್ರ ಮುಂದೆ ಮಾಡಿ ತೋರ್ಸಿ. ಅವರು ಒಪ್ಪಿದ್ರೆ ಈ ಫೋನ್ ಕೆಲಸ ಬೇರೆಯವ್ರಿಗೆ ಕೊಡ್ತೀನಿ,” ಎಂದರು ವಿಭಾಗದ ಮುಖ್ಯಸ್ಥೆಯಾದ ಮೇಡಂ.

ಮರುದಿನ ಬೆಳಗ್ಗೆ ಕಂಪನಿಯ ಯಜಮಾನರು ಬಂದು ಕುರ್ಚಿ ಎಳೆದುಕೊಂಡು ಕೂತರು. ಅವರ ಬೆನ್ನ ಹಿಂದೆ ಇಡೀ ಆಫೀಸು ಕತ್ತು ಚಾಚಿ ನಿಂತಿತು. ಎಲ್ಲರಿಗಿಂತ ಮುಂದೆ ನಿಂತವನು ಪಕ್ಕದ ಮೇಜಿನ ಸಹೋದ್ಯೋಗಿ. ಕೇಳದೆಯೇ ನೆರವಾಗುವುದರಲ್ಲಿ ಎತ್ತಿದ ಕೈಯಾದ್ದರಿಂದ ಅವನಿಗೆ ಉಪಕಾರಿ ಎಂದೇ ಹೆಸರು.

“ಮೊದಲು ಹಳೇ ರೀತಿ ನೋಡಿ ಸಾರ್. ನಾಲ್ಕು ನಿಮಿಷ ಹಿಡಿಯತ್ತೆ, ಕಾಫಿ ತರಿಸ್ಲಾ?” ಎನ್ನುತ್ತ ತಾಳಪ್ಪ ಗುಂಡಿ ಒತ್ತಿದ.

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ವರದಿ ಬಂದೇಬಿಟ್ಟಿತು.

“ಇದು ಹಳೇದಾ?”

“ಹೌದು ಸಾರ್... ಅಂದ್ರೆ... ಹೌದು.”

ಉಪಕಾರಿ ಹಲ್ಲು ಕಿರಿದ. “ಬೆಳಗ್ಗೆಯಿಂದ ನಾನೇ ಅದನ್ನ ಹತ್ತಾರು ಸಲ ಓಡ್ಸಿ ಅಭ್ಯಾಸ ಮಾಡ್ಸಿದೀನಿ ಸಾರ್. ನಿಮ್ಮ ಮುಂದೆ ತಡವರಿಸ್ಬಾರ್ದಲ್ಲ!”

ತಾಳಪ್ಪನಿಗೆ ಹೋದ ಜೀವ ಬಂತು. “ಅದಕ್ಕೇ ಸಾರ್! ಪುಟಗಳೆಲ್ಲ ಆಗ್ಲೇ ಮೆಮೊರಿಗೆ ಬಂದು ಕೂತಿವೆ. ಸರ್ವರ್ ಆಫ್ ಮಾಡಿ ಆನ್ ಮಾಡಿದ್ರೆ ಮೆಮೊರಿ ಖಾಲಿಯಾಗತ್ತೆ. ಆಗ ನೋಡಿ.”

ಸರ್ವರ್ ಆಫ್ ಆಯಿತು. ಕೆಳಗಿನ ಕೌಂಟರಿನಲ್ಲಿ ಬಿಲ್ಲಿಂಗ್ ನಿಂತಿತು. ಗಿರಾಕಿಗಳ ಗದ್ದಲ ಮೆಟ್ಟಿಲು ಹತ್ತಿ ಮೇಲಕ್ಕೆ ಬಂತು. ಸರ್ವರ್ ಎದ್ದಮೇಲೆ ಹಳೇ ರೀತಿ ಓಡಿಸಿದರು. ಹನ್ನೆರಡು ಸೆಕೆಂಡು. ಮತ್ತೆ ಆಫ್, ಮತ್ತೆ ಗದ್ದಲ, ಮತ್ತೆ ಆನ್. ಈ ಸಲ ಹೊಸ ರೀತಿ. ಹನ್ನೆರಡು ಸೆಕೆಂಡು.

“ಎರಡೂ ಒಂದೇ ಆಯ್ತಲ್ಲ. ಮತ್ತೆ ನೀವು ಮಾಡಿದ್ದೇನು?” ಎಂದರು ಮೇಡಂ.

ತಾಳಪ್ಪ ಪರದೆ ನೋಡಿದ, ಗಡಿಯಾರ ನೋಡಿದ, ತನ್ನ ಕೈಬೆರಳನ್ನೂ ಒಮ್ಮೆ ನೋಡಿಕೊಂಡ. “ನಿನ್ನೆ ನಾಲ್ಕು ನಿಮಿಷ ಆಗಿತ್ತು ಮೇಡಂ. ನಾನೇ ಕಣ್ಣಾರೆ ನೋಡಿದೀನಿ.”

“ಮಧ್ಯೆ ತೂಕಡಿಸಿದ್ರೇನೋ.”

ಯಜಮಾನರು ಎದ್ದರು. “ಹಳೇದೇ ಚೆನ್ನಾಗಿದೆಯಲ್ಲಮ್ಮ! ಆ ಹೊಸದನ್ನ ತೆಗೆಸ್ಬಿಡು.”

ಮಧ್ಯಾಹ್ನ ತಾಳಪ್ಪ ಅರ್ಧಕ್ಕೇ ಊಟ ಬಿಟ್ಟೆದ್ದ. ಡಬ್ಬಿ ಮುಚ್ಚಿ ಮೇಜಿಗೆ ಮರಳಿದಾಗ ಉಪಕಾರಿ ಹೆಗಲು ತಟ್ಟಿದ.

“ಬೇಜಾರು ಮಾಡ್ಕೋಬೇಡಪ್ಪ. ಬರೆದವನ ಕೈಯಿಂದಲೇ ತೆಗೆಸೋದು ಬೇಡ ಅಂತ ನಾನೇ ನಿನ್ನ ಕೋಡು ತೆಗೆದ್ಬಿಟ್ಟೆ. ಕೌಂಟರಿನವ್ರು ಊಟಕ್ಕೆ ಹೋದಾಗ ಸರ್ವರೂ ಆಫ್ ಮಾಡಿ ಆನ್ ಮಾಡಿದೆ. ಸೆಟ್ಟಿಂಗ್‌ನಲ್ಲಿ ಹಾಕಿದ್ದನ್ನೂ ತೆಗೆದೆ.”

“ಸೆಟ್ಟಿಂಗ್‌ನಲ್ಲಿ ಹಾಕಿದ್ದು ಅಂದ್ರೆ?”

“ಗಡಿಬಿಡೀಲಿ ನೀನು ಮರೆತುಬಿಟ್ರೆ ಅಂತ, ಎಲ್ಲಾ ವರದಿಗೂ ನಿನ್ನ ಕೋಡೇ ಓಡೋ ಹಾಗೆ ಬೆಳಗ್ಗೆ ಸೆಟ್ ಮಾಡಿದ್ದೆ. ಸರ್ವರ್ ಒಂದ್ಸಲ ಆಫ್ ಆಗಿ ಆನ್ ಆದ್ರೆ ಸಾಕು, ತಾನಾಗೇ ಶುರು!”

ತಾಳಪ್ಪನ ತಲೆ ಗಿರ್ರೆಂದಿತು. ಸರ್ವರ್ ಆಫ್ ಮಾಡಿಸಿದವನು ತಾನೇ. ಹಳೇದೆಂದು ಓಡಿದ್ದು ತನ್ನ ಕೋಡು, ಹೊಸದೆಂದು ಓಡಿದ್ದೂ ತನ್ನ ಕೋಡು! ಮೇಡಂ ಕೋಣೆಗೆ ಒಂದೇ ಉಸಿರಿಗೆ ಓಡಿದ.

“ಮೇಡಂ, ಹಳೇದು ಅಂತ ನೋಡಿದ್ದು ಹೊಸದು!”

“ಹಂಗಾದ್ರೆ ಹೊಸದು ಅಂತ ನೋಡಿದ್ದು?”

“ಅದೂ ಹೊಸದೇ.”

“ಮತ್ತೆ ಹಳೇದನ್ನ ಯಾವಾಗ್ರೀ ನೋಡಿದ್ವಿ?”

“ಮೊದಲನೇ ಸಲ. ಆದ್ರೆ ಅದು ಲೆಕ್ಕಕ್ಕಿಲ್ಲ ಮೇಡಂ, ಮೆಮೊರಿಯಿಂದ ಬಂದಿದ್ದು.”

ಮೇಡಂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಅಷ್ಟರಲ್ಲಿ ಮೇಜಿನ ಫೋನ್ ಬಡಿದುಕೊಂಡಿತು. ಗೋದಾಮಿನ ಮೇಲ್ವಿಚಾರಕರ ದನಿ ತಾಳಪ್ಪ ನಿಂತಲ್ಲಿಗೂ ಕೇಳುತ್ತಿತ್ತು: “ಬೆಳಗ್ಗೆ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಬಂದ ವರದಿ ಈಗ ಬರ್ತಾನೇ ಇಲ್ಲ! ಯಾರು ಕೈಯಾಡಿಸಿ ಕೆಡಿಸಿದ್ದು?”

“ಅದೇ ಮೇಡಂ, ಅದೇ!” ಎಂದು ತಾಳಪ್ಪ ಕುಣಿಯುವುದೊಂದು ಬಾಕಿ. “ನನ್ನ ಕೋಡು ತೆಗೆದಿದ್ದಕ್ಕೇ ನಿಧಾನ ಆಗಿರೋದು!”

“ಸಾಕು ಸುಮ್ನಿರಿ,” ಎಂದು ಮೇಡಂ ಫೋನ್ ಇಟ್ಟರು. “ಹಳೇದು ವೇಗವಾಗಿ ಬಂದಿದ್ದನ್ನ ಯಜಮಾನ್ರೇ ಕೂತು ನೋಡಿದಾರೆ. ಈಗ ನಿಧಾನ ಆಗಿದೆ ಅಂದ್ರೆ, ನಿಮ್ಮ ಕೋಡಿನ ಚೂರು ಇನ್ನೂ ಎಲ್ಲೋ ಉಳ್ಕೊಂಡಿದೆ. ಹುಡುಕಿ ತೆಗೀರಿ. ಅದು ಸಿಗೋ ತನಕ ಫೋನ್ ಎತ್ತೋದೂ ನೀವೇ.”

ತಾಳಪ್ಪ ಬಂದು ಕುರ್ಚಿಯಲ್ಲಿ ಕುಸಿದು, ಇಲ್ಲದ ಚೂರನ್ನು ಮೊದಲನೇ ಸಾಲಿನಿಂದ ಹುಡುಕತೊಡಗಿದ. ಪಕ್ಕಕ್ಕೆ ಇನ್ನೊಂದು ಕುರ್ಚಿ ಸರಿದ ಸದ್ದಾಯಿತು.

“ನೀನು ಮೇಲಿಂದ ಬಾ,” ಎಂದ ಉಪಕಾರಿ ತೋಳು ಮಡಿಸುತ್ತ. “ನಾನು ಕೆಳಗಿಂದ ಹುಡುಕ್ತಾ ಬರ್ತೀನಿ.”